ಡಾಕ್ಟರ್ ಸುಧನ್ವನ ತಾಯಿತ ದಿಗ್ವಿಜಯ

ಡೆಟಾಲ್‌ಗಂಧಪ್ರಿಯೆ, ಓಪಿಡಿದ್ವಾರನಿವಾಸಿನಿ, ಎಲೈ ಆಸ್ಪತ್ರೆಯ ಅಧಿದೇವತೆಯೇ, ನಾಲಗೆಯ ಮೇಲೆ ಬಾ! ವೈದ್ಯನಿಗೆ ವೈದ್ಯವೊಂದೇ ಸಾಲದು, ಜನರ ಆಚಾರವಿಚಾರವೂ ತಿಳಿದಿರಬೇಕೆಂದು ಸರ್ಟಿಫಿಕೇಟು ಹಂಚತೊಡಗಿದ ಈ ಪುಣ್ಯಯುಗದಲ್ಲಿ, ಪಡುಗಡಲ ತೀರದಿಂದ ಗದಗ ಸೀಮೆಯ ಸರ್ಕಾರಿ ಆಸ್ಪತ್ರೆಗೆ ಬಂದಿಳಿದ ಸ್ಟೆತಸ್ಕೋಪ್‌ಕಂಠಾಭರಣ, ಇಸ್ತ್ರಿಶ್ವೇತಕವಚಧಾರಿ ಡಾಕ್ಟರ್ ಸುಧನ್ವ ಐತಾಳನ ಪರಾಕ್ರಮವನ್ನು ಹಾಡಿಸು!

ಜನಸಂಸ್ಕೃತಿ ತರಬೇತಿಯ ಉಪನ್ಯಾಸಗಳನ್ನೆಲ್ಲ ಅರೆದು ಕುಡಿದಿದ್ದ ಆ ವೀರನಿಗೆ ಉಳಿದದ್ದು ಕೊನೆಯ ಪರೀಕ್ಷೆಯೊಂದೇ. ಪರೀಕ್ಷಕಿ ಡಾಕ್ಟರ್ ವೈಜಯಂತಿಯವರ ಕಣ್ಣೆದುರು, ರೋಗಿಯ ನಂಬಿಕೆಗೆ ಕುಂದು ಬಾರದಂತೆ ಬಿಪಿ ನೋಡಬೇಕು. ಹಿಂದೊಮ್ಮೆ ಅಜ್ಜನೊಬ್ಬನ ತಲೆಯ ರುಮಾಲನ್ನು ನೆಲದ ಮೇಲಿಟ್ಟು ಸೋತಿದ್ದ. ಮತ್ತೆ ಸೋತರೆ ತರಬೇತಿ ಮೊದಲಿನಿಂದ!

"ಯಾವ ಆಚಾರ ಬೇಕಾದ್ರೂ ಬರಲಿ ಮೇಡಂ, ಇವತ್ತು ನಾನು ಬಿಡುದಿಲ್ಲ!" ಎಂದು ಗರ್ಜಿಸಿದ.

ಬಂದಳು ಎಲೆಯಡಿಕೆರಂಜಿತಾಧರೆ, ಇಳಕಲ್‌ಸೀರೆಶೋಭಿತೆ ಫಕೀರವ್ವ. ಎಡಗೈ ಚಾಚಿದಳು. ಬಿಪಿ ಪಟ್ಟಿ ಸುತ್ತಬೇಕಾದ ರಟ್ಟೆಯಲ್ಲೇ ಕರಿದಾರದ ತಾಯಿತ!

ಬಿಚ್ಚೆಂದರೆ ನಂಬಿಕೆಗೆ ಪೆಟ್ಟು, ಬಿಚ್ಚದಿದ್ದರೆ ಬಿಪಿಗೆ ಪೆಟ್ಟು. ನಡುಗಿದ ಸುಧನ್ವ ಚಪ್ಪಲಿ ಕಳಚಿ ಕೈಮುಗಿದ.

"ಅಮ್ಮಾ, ಇದನ್ನು ಯಾಕೆ ಕಟ್ಟಿದ್ದು?"

"ಹೆದರಿಕಿಗೆ ಕಟ್ಯಾರ್ರಿ."

"ಇದರ ಮಹಿಮೆ ಸ್ವಲ್ಪ ಹೇಳ್ತೀರಾ?"

"ಹನ್ನೆರಡರ ಬಸ್ಸೈತ್ರಿ ಸಾಹೇಬ್ರ. ಮಹಿಮಾ ಆಮ್ಯಾಲ ಹೇಳ್ತೀನಿ."

ಹಿಮ್ಮೆಟ್ಟುವನೇ ಆ ಧೀರ? "ಬಿಚ್ಚಲಿಕ್ಕೆ ಮನೆಯ ಹಿರಿಯರನ್ನು ಕೇಳಬೇಕಾ? ಯಾವ ದಿಕ್ಕಿಗೆ ಕೂರಬೇಕು? ನಾನು ಸ್ನಾನ ಮಾಡಿಯೇ ಮುಟ್ಟಬೇಕಾ?" ಪರೀಕ್ಷಕಿಯ ಪೆನ್ನು ಮಿಂಚಿನಂತೆ ಓಡಿತು. ಬಾಗಿಲಾಚೆಯ ಸಾಲು ಕಡಲಿನಂತೆ ಮೊರೆಯಿತು: "ಏ, ಒಳಗೇನ್ ಸತ್ಯನಾರಾಯಣ ಪೂಜಾ ನಡದೈತೇನು?"

ಫಕೀರವ್ವ ನಿಟ್ಟುಸಿರಿಟ್ಟು, ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡು, ಬಲಗೈ ಚಾಚಿದಳು.

"ಈ ಕೈಗೆ ಏನಾಗೈತ್ರಿ?"

ಧೀರನು ಬಗ್ಗಿ ನೋಡಿದ. ಬಲಗೈಯಲ್ಲಿ ದಾರವಿಲ್ಲ, ದೇವರಿಲ್ಲ, ಬರೀ ಹಸಿರು ಬಳೆ. ಪಟ್ಟಿ ಸುತ್ತಿದ. ಬಿಪಿ ಸರಿಯಾಗಿಯೇ ಇತ್ತು.

ಬಲಗೈಯ ನೆನಪು ತಮಗೂ ಆಗಲಿಲ್ಲವೆಂಬುದನ್ನು ಕೆಮ್ಮಿನಲ್ಲಿ ಮರೆಸಿ, ವೈಜಯಂತಿಯವರು "ಪಾಸ್" ಎಂದರು. ತರಬೇತಿಯ ಹೊಳೆಹೊಳೆವ ಬಿಲ್ಲೆಯನ್ನು ಅವನ ಕೋಟಿಗೆ ಚುಚ್ಚಿದರು. ವೀರನ ಎದೆ ಉಬ್ಬಿತು.

ಬಾಗಿಲ ಬಳಿ ಹೊರಳಿದ ಫಕೀರವ್ವನ ಕಣ್ಣು ಬಿಲ್ಲೆಯ ಮೇಲೆ ಬಿತ್ತು. ಮುಖದಲ್ಲಿ ಕನಿಕರ ಉಕ್ಕಿತು.

"ನಿಮಗೂ ಹೆದರಿಕಿಗೇ ಕಟ್ಟಿದ್ರೇನ್ರಿ? ಚಲೋ ಆತ್ ತಗೋರಿ. ಜಳಕಾ ಮಾಡೂ ಮುಂದೂ ತಗೀಬ್ಯಾಡ್ರಿ ಮತ್ತ."

ದಿಗ್ವಿಜಯಿಯು ತಲೆಯಾಡಿಸಿ, ಮೇಜಿನಡಿ ಕಾಲಾಡಿಸಿ, ಚಪ್ಪಲಿ ಹುಡುಕತೊಡಗಿದನು.