ದೇವರ ಮನೆಯಲ್ಲಿ ಉಳಿದ ಕಂತು

ನಮ್ಮ ಮನೆ ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ವರ್ಗಾಯಿಸಿದ ದಿನ ನಾನು ಮುಳಬಾಗಿಲಿನ ಬೀದಿಯಲ್ಲಿ ನಡೆದ ಠೀವಿಯೇ ಬೇರೆ. ಬಡ್ಡಿ ಇಳಿದಿತ್ತು, ಎದೆ ಉಬ್ಬಿತ್ತು. ಟೀ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ, ಅವರು ಕೇಳದಿದ್ದರೂ, ಎಷ್ಟು ಉಳಿತಾಯವೆಂದು ಲೆಕ್ಕ ಒಪ್ಪಿಸಿದೆ. ಒಬ್ಬರಂತೂ ಅರ್ಧ ಟೀ ಬಿಟ್ಟು ಎದ್ದು ಹೋದರು. ಪಾಪ, ಅಷ್ಟೊಂದು ಜ್ಞಾನ ಒಟ್ಟಿಗೆ ಅರಗಲಿಲ್ಲವೆಂದು ತಿಳಿದೆ!

ನಾನು ತಾಯಲೂರಿನ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತ. ಕಾಗದಪತ್ರದ ವ್ಯವಹಾರವೆಂದರೆ ನನಗೆ ನೀರು ಕುಡಿದಷ್ಟು ಸುಲಭ. ಆದರೆ ಈ ವರ್ಗಾವಣೆಯ ಹಿಂದಿದ್ದ ಆಸೆ ನನ್ನ ಹೆಂಡತಿ ಸರೋಜಳದು. ಮನೆಯ ಮುಂದಿನ ಕೋಣೆಯಲ್ಲಿ ರಾಗಿ ಹಿಟ್ಟಿನ ಮಿಲ್ಲು ಹಾಕಬೇಕೆಂದು ಅವಳು ಬಹಳ ಕಾಲದಿಂದ ಕಾಯುತ್ತಿದ್ದಳು. ಮೆಷೀನಿನ ಮುಂಗಡಕ್ಕೆಂದು ಹಾಲು ಮಾರಿ ಒಂದಿಷ್ಟು ದುಡ್ಡನ್ನೂ ಕೂಡಿಟ್ಟಿದ್ದಳು. ಮನೆ ಸಾಲ ನಮ್ಮಿಬ್ಬರ ಹೆಸರಿನಲ್ಲೂ ಇದ್ದುದರಿಂದ ಕೋಲಾರದ ಹೊಸ ಬ್ಯಾಂಕಿನವರು, "ಮೂರು ಕಂತು ಸರಿಯಾಗಿ ಬರಲಿ, ಆಮೇಲೆ ಮಿಲ್ಲಿಗೂ ಸಾಲ ಕೊಡೋಣ" ಎಂದಿದ್ದರು.

ತನ್ನ ತಂಗಿಯ ಬಾಣಂತನಕ್ಕೆ ಮಾಸ್ತಿಗೆ ಹೊರಟಾಗ ಸರೋಜ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳು:

"ರೀ, ಕಂತು ತಾನಾಗೇ ಖಾತೆಯಿಂದ ಹೋಗುತ್ತೆ. ನೀವು ಏನೂ ಮಾಡ್ಬೇಡಿ. ಸುಮ್ನಿದ್ರೆ ಸಾಕು."

"ಕಂತು ಕಟ್ಟೋದು ನನಗೆ ಹೇಳ್ಕೊಡ್ತೀಯಾ? ಹೋಗಿ ಬಾರೇ!"

ಸುಮ್ಮನಿರುವುದು ಎಂಥ ಕಷ್ಟದ ಕೆಲಸವೆಂದು ಆಗ ನನಗೆ ತಿಳಿದಿರಲಿಲ್ಲ.

ಮೊದಲ ಕಂತು ಬಂದದ್ದು ಶುಕ್ರವಾರ. ಹಿಂದಿನ ದಿನ ಸಂಜೆ ಇದನ್ನು ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಅವರು ಅವರೆಕಾಯಿ ಬಿಡಿಸುತ್ತಿದ್ದ ಮೊರವನ್ನು ಪಕ್ಕಕ್ಕೆ ತಳ್ಳಿದರು.

"ಏಮಿರಾ ನಾಯನಾ, ಏನೋ ಇದು, ಶುಕ್ರವಾರ ಲಕ್ಷ್ಮೀನ ಹೊಸ್ತಿಲು ದಾಟಿಸ್ತೀಯಾ? ನಿಮ್ಮಪ್ಪ ಇದ್ದಾಗ ಶುಕ್ರವಾರ ಅಂದ್ರೆ ಅಂಗಡಿಯವನಿಗೂ ಬಾಕಿ ಕೊಡ್ತಿರ್ಲಿಲ್ಲ. ಅದೂ ಹೊಸ ಬ್ಯಾಂಕಿಗೆ, ಮೊದಲ್ನೇ ಕಂತು!"

"ಅಮ್ಮಾ, ಬ್ಯಾಂಕಿನೋರೇ ತಗೊಳ್ತಾರೆ. ನಾವು ಕೊಡೋದಲ್ಲ."

"ಅಯ್ಯೋ, ಹಂಗಾದ್ರೆ ಇನ್ನೂ ಕೆಟ್ಟದ್ದು ಕಣೋ! ಕೇಳ್ದೇನೇ ಕರ್ಕೊಂಡು ಹೋಗ್ತಾರಾ?"

ವಾದದಲ್ಲಿ ಹುರುಳಿದೆ ಅನ್ನಿಸಿತು. ಆ ಕ್ಷಣವೇ ನನ್ನ ತಲೆಯಲ್ಲಿ ಒಂದು ಮಹೋನ್ನತ ಯೋಜನೆ ರೂಪುಗೊಂಡಿತು. ಖಾತೆಯಲ್ಲಿ ದುಡ್ಡೇ ಇಲ್ಲದಿದ್ದರೆ ಯಾರು ತಾನೇ ಏನು ಒಯ್ಯಬಲ್ಲರು? ಬಸ್ ಸ್ಟ್ಯಾಂಡಿನ ಎಟಿಎಂಗೆ ಓಡಿ ಕಂತಿನ ಹಣವನ್ನೆಲ್ಲ ತೆಗೆದು ತಂದೆ. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಮನೆಯಲ್ಲಿ ಲಕ್ಷ್ಮಿಯ ಪಟದ ಕೆಳಗಿಟ್ಟರು. ಶುಕ್ರವಾರ ಕಳೆದ ಮೇಲೆ ನಾನೇ ಗೌರವವಾಗಿ ಕಟ್ಟುವುದೆಂದು ತೀರ್ಮಾನವಾಯಿತು.

ಶುಕ್ರವಾರ ಬೆಳಿಗ್ಗೆ ಬ್ಯಾಂಕು ಖಾತೆಗೆ ಕೈ ಹಾಕಿತು. ಏನೂ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫೋನಿಗೆ ಸಂದೇಶ ಬಂತು: ಕಂತು ಬರಲಿಲ್ಲ, ಆದ್ದರಿಂದ ದಂಡ ಕಡಿತಗೊಳಿಸಲಾಗಿದೆ! ಖಾತೆಯ ಮೂಲೆಯಲ್ಲಿ ನಾನು ಉಳಿಸಿದ್ದ ಚಿಲ್ಲರೆಯನ್ನು ಗೋರಿಕೊಂಡಿದ್ದರು. ಅಂದರೆ ಲಕ್ಷ್ಮಿ ಶುಕ್ರವಾರವೇ ಹೊರಟಿದ್ದಳು. ಈ ಸುದ್ದಿಯನ್ನು ಅಮ್ಮನಿಗೆ ತಿಳಿಸಿ ನೋಯಿಸುವುದು ಮಗನ ಧರ್ಮವಲ್ಲವೆಂದು ಫೋನನ್ನು ಜೇಬಿಗೆ ಹಾಕಿಕೊಂಡೆ.

ಮಾರನೆಯ ದಿನ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಆಮೇಲೆ ಭಾನುವಾರ. ಸೋಮವಾರ ಹೊರಟರೆ ಅಮಾವಾಸ್ಯೆ! ಮಂಗಳವಾರವಂತೂ ಶುಕ್ರವಾರದ ಅಣ್ಣ. ಅಂದೂ ಮನೆಯಿಂದ ದುಡ್ಡು ಹೊರಡುವಂತಿಲ್ಲ. ಅದೇ ಮಂಗಳವಾರ ಬ್ಯಾಂಕು ಇನ್ನೊಮ್ಮೆ ಖಾತೆ ತಡಕಿ, ಇನ್ನೊಂದು ದಂಡ ಬರೆದುಕೊಂಡಿತು. ಸರೋಜ ಮಾಸ್ತಿಯಿಂದ ಫೋನ್ ಮಾಡಿ, "ಕಂತು ಹೋಯ್ತಾ?" ಎಂದಳು. "ಅದರ ಚಿಂತೆ ನಿನಗ್ಯಾಕೆ, ಮಗೂನ ನೋಡ್ಕೋ" ಎಂದು ಗಂಭೀರವಾಗಿ ಉತ್ತರಿಸಿದೆ.

ಬುಧವಾರ ಕೊನೆಗೂ ಹೊರಟೆ. ಹೊಸ ಬ್ಯಾಂಕು ಇರುವುದು ಕೋಲಾರದಲ್ಲಿ. ಹೋಗಿ ಬರಲು ಅರ್ಧ ದಿನ ರಜೆ ಬೇಕು. ಹಳೆಯ ಬ್ಯಾಂಕಾದರೋ ನಮ್ಮೂರಿನಲ್ಲೇ ಇದೆ. ಆಗ ನನ್ನೊಳಗಿನ ಗುಮಾಸ್ತ ಎಚ್ಚೆತ್ತ. ನಮ್ಮ ಶಾಲೆಯಿಂದ ಯಾರಿಗಾದರೂ ವರ್ಗವಾದರೆ, ಅವರ ಹೆಸರಿಗೆ ಬಂದ ಟಪಾಲನ್ನು ನಾವೇ ಹೊಸ ಜಾಗಕ್ಕೆ ಕಳಿಸುವುದಿಲ್ಲವೇ? ಹಳೆಯ ಬ್ಯಾಂಕಿನಲ್ಲಿ ಕಟ್ಟಿದರೆ ಅವರೂ ಹಾಗೆಯೇ ಕಳಿಸುತ್ತಾರೆ!

ಹಳೆಯ ಸಾಲದ ನಂಬರು ನನಗೆ ಬಾಯಿಪಾಠ. ಚಲನ್ ತುಂಬಿ ಕೊಟ್ಟೆ. ಕೌಂಟರಿನ ಹುಡುಗ ಕತ್ತೆತ್ತಿ, "ಸಾರ್, ನಿಮ್ ಸಾಲ ಬೇರೆ ಬ್ಯಾಂಕಿಗೆ ಹೋಯ್ತಲ್ವಾ?" ಎಂದ.

"ಹೋಯ್ತಪ್ಪ. ನೀನು ತಗೊಂಡು ಅಲ್ಲಿಗೆ ಕಳಿಸು."

ಅವನು ನನ್ನನ್ನು ನೋಡಿದ, ನನ್ನ ಹಿಂದಿದ್ದ ಉದ್ದನೆಯ ಸಾಲನ್ನು ನೋಡಿದ. "ಕಂಪ್ಯೂಟರ್ ತಗೊಳ್ತಾ ಇದೆ ಸಾರ್" ಎಂದು ರಸೀದಿ ಕೊಟ್ಟುಬಿಟ್ಟ. ಹಳೆಯ ಸಾಲದಲ್ಲಿ ಕೊನೆಯ ದಿನಗಳ ಬಡ್ಡಿ ಒಂದಿಷ್ಟು ಬಾಕಿಯಿದ್ದು, ಖಾತೆ ಇನ್ನೂ ಪೂರ್ತಿ ಮುಚ್ಚಿರಲಿಲ್ಲವಂತೆ. ನನ್ನ ಇಡೀ ಕಂತು ಆ ಖಾತೆಯೊಳಗೆ ಬಿದ್ದು ಬಾಗಿಲು ಹಾಕಿಕೊಂಡಿತು. ನಾನು ರಸೀದಿ ಮಡಿಸಿ ಜೇಬಿಗಿಟ್ಟು ಮಸಾಲೆ ದೋಸೆ ತಿಂದು ಮನೆಗೆ ಬಂದೆ.

ಹೊಸ ಬ್ಯಾಂಕಿನಿಂದ ಫೋನ್ ಬಂದಾಗ ನಾನು ಗರ್ಜಿಸಿದೆ. "ರಸೀದಿ ಇದೆ ನನ್ನ ಹತ್ರ! ಯಾರ ಹತ್ರ ಮಾತಾಡ್ತಿದೀರ ಗೊತ್ತಾ?" ಅವರಿಗೆ ಗೊತ್ತಾಗಿರಬೇಕು. ಮುಂದಿನ ಫೋನು ನನಗೆ ಮಾಡಲಿಲ್ಲ. ಮಾಸ್ತಿಗೆ ಮಾಡಿದರು.

ಸಂಜೆಯ ಬಸ್ಸಿಗೆ ಸರೋಜ ಬಂದಿಳಿದಳು. ಚಪ್ಪಲಿ ಬಿಡುವ ಮೊದಲೇ ಕೈ ಚಾಚಿದಳು. ವಿಜಯಪತ್ರದಂತೆ ರಸೀದಿ ಕೊಟ್ಟೆ.

"ರೀ, ಇದು ಯಾವ ಬ್ಯಾಂಕಿಂದು?"

ಟಪಾಲಿನ ಉದಾಹರಣೆಯನ್ನು ಸವಿಸ್ತಾರವಾಗಿ ವಿವರಿಸಿದೆ. ಅವಳು ನೀರು ಕೂಡ ಕುಡಿಯದೆ ಜಗಲಿಯ ಮೇಲೆ ಕುಳಿತಳು.

ಮರುದಿನ ಇಬ್ಬರೂ ಕೋಲಾರಕ್ಕೆ ಹೋದೆವು. ಬ್ಯಾಂಕಿನ ಮೇಡಂ ಕಂಪ್ಯೂಟರ್ ನೋಡಿ ನಿಟ್ಟುಸಿರು ಬಿಟ್ಟರು.

"ಮೊದಲ್ನೇ ಕಂತೇ ಹೀಗಾದ್ರೆ ಮಿಲ್ಲಿನ ಅರ್ಜಿ ಮುಂದಕ್ಕೆ ಹೇಗೆ ಕಳಿಸ್ಲಿ ಅಮ್ಮಾ? ಯಾಕೆ ಸಾರ್, ದುಡ್ಡಿನ ತೊಂದರೆ ಇತ್ತಾ?"

"ಇಲ್ಲ ಮೇಡಂ, ದುಡ್ಡಿತ್ತು."

"ಖಾತೇಲಿ ಇರ್ಲಿಲ್ವಲ್ಲ?"

"ತೆಗೆದಿದ್ದೆ."

"ತೆಗೆದು ಎಲ್ಲಿಟ್ರಿ?"

"ದೇವರ ಮನೇಲಿ."

ಮೇಡಂ ಟೈಪು ಮಾಡುವುದನ್ನು ನಿಲ್ಲಿಸಿದರು. ಪಕ್ಕದ ಮೇಜಿನವರೂ ನಿಲ್ಲಿಸಿದರು.

ಸರೋಜ ಬ್ಯಾಗಿನಿಂದ ಒಂದು ಗಂಟು ತೆಗೆದಳು. ಹಾಲಿನ ದುಡ್ಡು, ಮೆಷೀನಿನ ಮುಂಗಡ. ನೋಟುಗಳನ್ನು ನೀಟಾಗಿ ಜೋಡಿಸಿ ಕಂತನ್ನೂ ದಂಡವನ್ನೂ ಕಟ್ಟಿದಳು. ನಾನು ಗೋಡೆಯ ಮೇಲಿದ್ದ ನಗುನಗುತ್ತಾ ಸಾಲ ಪಡೆಯುವ ದಂಪತಿಗಳ ಪೋಸ್ಟರನ್ನು ಬಹಳ ಆಸಕ್ತಿಯಿಂದ ಓದಿದೆ.

"ಮೇಡಂ, ಇನ್ಮೇಲೆ ಕಂತು ನನ್ನ ಖಾತೆಯಿಂದ ತಗೊಳ್ಳಿ. ಮೂರು ಕಂತು ನಾನು ಸರಿಯಾಗಿ ತೋರಿಸ್ತೀನಿ" ಎಂದಳು ಸರೋಜ.

"ಹಂಗಾದ್ರೆ ಖಂಡಿತ ನೋಡ್ತೀನಮ್ಮ" ಎಂದ ಮೇಡಂ ನನ್ನ ಕಡೆ ತಿರುಗಿ, "ಸಾರ್, ನೀವು ಸುಮ್ನಿದ್ರೆ ಸಾಕು" ಎಂದರು.

ಮನೆಗೆ ಬಂದು ಅಮ್ಮನ ಮುಂದೆ ಸರೋಜ ಒಂದೇ ಮಾತು ಹೇಳಿದಳು. "ಅತ್ತೇ, ಕಂತಿನ ದಿನ ಮನೆ ಬಿಟ್ಟು ಹೋಗೋದು ಲಕ್ಷ್ಮಿಯಲ್ಲ, ಸಾಲ. ಸಾಲ ಶುಕ್ರವಾರ ತೊಲಗಿದ್ರೆ ಬೇಡ ಅಂತೀರಾ?"

ಅಮ್ಮ ಯೋಚಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹೌದಲ್ಲೋ! ಇಷ್ಟು ಓದಿದ್ದೀಯ, ನಿನಗಿದು ಹೊಳೀಲಿಲ್ವಾ?" ಎಂದರು. ನನ್ನ ಪಕ್ಷದಲ್ಲಿದ್ದ ಏಕೈಕ ಸದಸ್ಯರೂ ಹೀಗೆ ಪಕ್ಷಾಂತರ ಮಾಡಿದರು.

ಹಳೆಯ ಬ್ಯಾಂಕಿನಿಂದ ದುಡ್ಡು ವಾಪಸ್ ಪಡೆಯಲು ನಾನು ಬರೆದ ಅರ್ಜಿಗಳನ್ನು ನೋಡಿ ಕೌಂಟರಿನ ಹುಡುಗ ನನಗೊಂದು ಕುರ್ಚಿಯನ್ನೇ ಮೀಸಲಿಟ್ಟಿದ್ದ. ದುಡ್ಡು ಬರುವಷ್ಟರಲ್ಲಿ ಸರೋಜ ತನ್ನ ಮೂರು ಕಂತು ಮುಗಿಸಿ, ಹಾಲು ಮಾರಿ ಮತ್ತೆ ಮುಂಗಡ ಕೂಡಿಸಿ, ಸಾಲ ಪಡೆದು, ಮಿಲ್ಲಿನ ಪೂಜೆಯನ್ನೂ ಮಾಡಿಸಿದ್ದಳು.

ರಜೆಯ ದಿನಗಳಲ್ಲಿ ಮಿಲ್ಲಿನಲ್ಲಿ ನನಗೂ ಒಂದು ಜವಾಬ್ದಾರಿಯುತ ಹುದ್ದೆಯಿದೆ: ಹಿಟ್ಟು ಬೀಳುವ ಕಡೆ ಚೀಲ ಹಿಡಿಯುವುದು. ಮೊನ್ನೆ ಒಬ್ಬ ಹೆಂಗಸು ರಾಗಿ ಬೀಸಿಸಿಕೊಂಡು ನನ್ನ ಕಡೆ ನೋಟು ಚಾಚಿದರು. ನಾನು ಗತ್ತಿನಿಂದ ಕೈ ಮುಂದೆ ಮಾಡಿದೆ. ಮೆಷೀನಿನ ಆ ಸದ್ದಿನಲ್ಲೂ ಸರೋಜಳ ದನಿ ಸ್ಪಷ್ಟವಾಗಿ ಕೇಳಿಸಿತು.

"ಅಕ್ಕಾ, ಅವ್ರ ಕೈಗೆ ಕೊಡ್ಬೇಡಿ! ತಗೊಂಡೋಗಿ ಎಲ್ಲಿ ಕಟ್ಟಿ ಬರ್ತಾರೋ ಹೇಳೋಕಾಗಲ್ಲ!"

ಮಿಲ್ಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮುಖಕ್ಕೆಲ್ಲ ರಾಗಿ ಹಿಟ್ಟು ಮೆತ್ತಿಕೊಂಡಿದ್ದರಿಂದ ಅದು ಕೆಂಪಾದದ್ದು ಯಾರಿಗೂ ಕಾಣಲಿಲ್ಲ.