ಬಿಸಿಲಿಗಿಟ್ಟ ಸೆಲ್ಲು

ಸತ್ತವರನ್ನು ಸತ್ತರೆಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ನಮ್ಮ ಮನೆಯಲ್ಲಂತೂ ಸೆಲ್ಲು ಸತ್ತರೂ ಒಪ್ಪುತ್ತಿರಲಿಲ್ಲ. ನಾನು ಹೇಳುತ್ತಿರುವುದು ಬ್ಯಾಟರಿಗೆ ಹಾಕುವ ದಪ್ಪ ಸೆಲ್ಲಿನ ಮಾತು. ಇಸವಿ ಎಂಬತ್ತರ ಆಚೀಚೆ ಮಾದನಹಿಪ್ಪರಗಾದ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಶಾಲೆ ಮಾಸ್ತರನಾಗಿದ್ದೆ. ಊರಿಗೆ ಕರೆಂಟು ಇತ್ತು, ಬರುವುದು ಹೋಗುವುದು ಅದರ ಮರ್ಜಿ. ಹೀಗಾಗಿ ಮನೆಯ ಕಾರಭಾರವೆಲ್ಲ ಸೆಲ್ಲಿನ ಮೇಲೆ, ಸೆಲ್ಲಿನ ಕಾರಭಾರವೆಲ್ಲ ನನ್ನ ಹೆಂಡತಿ ನೀಲಮ್ಮನ ಕೈಯಲ್ಲಿ. ಮಕ್ಕಳಿಲ್ಲದ ಮನೆಯಲ್ಲಿ ನನ್ನದೊಂದು, ಸೆಲ್ಲಿನದೊಂದು ಎಂದು ಅವಳಿಗೆ ಎರಡೇ ಚಿಂತೆ.

ಆಳಂದದಿಂದ ತಂದ ಹೊಸ ಸೆಲ್ಲು ಮೊದಲು ಬ್ಯಾಟರಿಗೆ ಹೋಗಬೇಕು, ಕತ್ತಲಲ್ಲಿ ಹಾವು ಚೇಳು ಕಾಣಬೇಕಲ್ಲ. ಬ್ಯಾಟರಿಯ ಬೆಳಕು ಕೆಂಪಗಾದರೆ ರೇಡಿಯೋಕ್ಕೆ. ರೇಡಿಯೋ ಗೊಣಗತೊಡಗಿದರೆ ಗೋಡೆಯ ಗಡಿಯಾರಕ್ಕೆ. ಗಡಿಯಾರವೂ ನಿಂತಿತೋ, ಸೆಲ್ಲುಗಳನ್ನೆಲ್ಲ ಕಾಳು ಕೇರುವ ಮರದಲ್ಲಿ ಹಾಕಿಕೊಂಡು, ಶೇಂಗಾ ಒಣಗಿಸಿದಂತೆ ಮಾಳಿಗೆಯ ಮೇಲೆ ಬಿಸಿಲಿಗಿಡುತ್ತಿದ್ದಳು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಅದಕ್ಕೆ ಸತ್ತವರೂ ಎದ್ದು ನೀರು ಕೇಳಬೇಕು. ಸೆಲ್ಲು ಎದ್ದು ಮತ್ತಷ್ಟು ದಿನ ಗಡಿಯಾರ ನಡೆಸುತ್ತಿತ್ತು. ಒಂದು ಬಿಸಿಲು ಕಂಡ ಸೆಲ್ಲಿನ ತಳಕ್ಕೆ ನೀಲಮ್ಮ ತನ್ನ ಎಲೆಅಡಿಕೆ ಡಬ್ಬಿಯ ಸುಣ್ಣದಿಂದ ಒಂದು ಬೊಟ್ಟು ಇಡುವಳು. ಎರಡನೇ ಬಿಸಿಲಿಗೆ ಎರಡು. ಮೂರು ಬೊಟ್ಟಿನ ಸೆಲ್ಲೂ ನಿಂತಿತೆಂದರೆ ಅದರ ಋಣ ತೀರಿತು, ಶಾಲೆಗೆ ರವಾನೆ.

ಶಾಲೆಗೆ ಯಾಕೆಂದರೆ, ಜೂನಿನಲ್ಲಿ ಬೋರ್ಡಿಗೆ ಕಪ್ಪು ಬಳಿಯುವುದು ಅದರಿಂದಲೇ. ಊರಿನ ಮನೆಮನೆಯಿಂದ ಸತ್ತ ಸೆಲ್ಲು ಬರುತ್ತಿದ್ದವು. ಅವನ್ನು ಒಡೆದು, ಒಳಗಿನ ಕರಿ ಪುಡಿಗೆ ಇದ್ದಿಲು, ಸೊಪ್ಪಿನ ರಸ ಕೂಡಿಸಿ ಅರೆದು ಬಳಿದರೆ ಬೋರ್ಡು ವರ್ಷವಿಡೀ ಮಿರಮಿರ. ಉಳಿದ ಜಸ್ತದ, ಅಂದರೆ ಸತುವಿನ, ತಗಡನ್ನು ಹಳೇ ಸಾಮಾನು ಕೊಳ್ಳುವ ಆಳಂದದ ಭಂಗಾರದ ಖಾಜಾಸಾಬ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಒಯ್ಯುತ್ತಿದ್ದ. ಇದಿಷ್ಟೂ ನೀಲಮ್ಮನಿಗೆ ಬಾಯಿಪಾಠ. "ದುಡದದ್ದು ಸುಮ್ಮ ಸುಮ್ಮನ ತಿಪ್ಪಿಗಿ ಹೋಗಬಾರದ್ರಿ" ಅನ್ನುತ್ತಿದ್ದಳು. ಒಮ್ಮೆ ನಾನು ಜ್ವರ ಬಂದು ಎದ್ದಾಗ ನನ್ನನ್ನೂ ಮಾಳಿಗೆ ಹತ್ತಿಸಿ, ಸೆಲ್ಲಿನ ಮರದ ಪಕ್ಕದಲ್ಲೇ ಕೂಡಿಸಿದಳು. "ನೀವೂ ಸ್ವಲ್ಪ ಬಿಸಲಿಗಿ ಕುಂದರ್ರಿ, ಇನ್ನಾ ನಾಕು ದಿನ ನಡೀತೀರಿ" ಎಂದು ನನ್ನ ಹಣೆಗೂ ಒಂದು ಸುಣ್ಣದ ಬೊಟ್ಟು ಇಟ್ಟು, ಸೆರಗು ಬಾಯಿಗೆ ಹಿಡಿದು ನಕ್ಕಳು. ಮಾಸ್ತರನ ಮರ್ಯಾದೆ ಏನಾಗಬೇಕು ಹೇಳಿ! ಪಕ್ಕದ ಮಾಳಿಗೆಯವರೆಲ್ಲ ನೋಡುತ್ತಿದ್ದರು. ನಾನು ಸಿಟ್ಟು ಬಂದವನಂತೆ ಮುಖ ಮಾಡಿದೆ, ಬೊಟ್ಟನ್ನು ಮಾತ್ರ ಒರೆಸಲಿಲ್ಲ.

ಯುಗಾದಿ ಮುಗಿದ ವಾರ ನೀಲಮ್ಮ ಹೋದಳು. ಮುಂಜಾನೆ ಎದೆ ಹಿಡಿದುಕೊಂಡು ಕುಳಿತಳು, ಆಳಂದಕ್ಕೆ ಒಯ್ಯಲು ಜೀಪು ಬರುವವರೆಗೂ ಕಾಯಲಿಲ್ಲ. ಅಷ್ಟು ಅವಸರ ಅವಳ ಸ್ವಭಾವವೇ ಅಲ್ಲ. ಮಣ್ಣು ಮುಗಿಸಿ, ಕ್ರಿಯಾಕರ್ಮ ಮುಗಿಸಿ, ಕರಜಗಿಯಿಂದ ಬಂದಿದ್ದ ಅವಳ ತವರಿನವರು ಬಸ್ಸು ಹತ್ತಿದ ಮೇಲೆ ನಾನು ಯಾಕೋ ಮಾಳಿಗೆ ಹತ್ತಿದೆ. ಮರ ಅಲ್ಲೇ ಇತ್ತು. ಅವಳು ಒಣಹಾಕಿದ್ದ ಒಂದೇ ಒಂದು ಸೆಲ್ಲು ಅದರಲ್ಲಿ ಬಿಸಿಲು ಕಾಯುತ್ತ ಬಿದ್ದಿತ್ತು. ಇಳಿಸಿಕೊಳ್ಳಬೇಕಾದವಳು ಇರಲಿಲ್ಲ. ಕೈಗೆ ತೆಗೆದುಕೊಂಡರೆ ಇನ್ನೂ ಬೆಚ್ಚಗಿತ್ತು. ನನಗೆ ಅಳು ಬಂದದ್ದು ಆಗಲೇ.

ತಳದಲ್ಲಿ ಎರಡು ಬೊಟ್ಟು. ಮೂರನೆಯದನ್ನು ಅವಳ ಡಬ್ಬಿ ತೆರೆದು ನಾನೇ ಇಟ್ಟು, ಗಡಿಯಾರಕ್ಕೆ ಹಾಕಿದೆ. ಟಿಕ್‌ಟಿಕ್ ಅಂದಿತು. ಅವಳು ಬಿಸಿಲಿಗಿಟ್ಟ ಕೊನೆಯ ಸೆಲ್ಲು ನಡೆಯುವಷ್ಟು ದಿನ ಅವಳು ಮನೆಯಲ್ಲೇ ಇದ್ದಾಳೆ ಎಂದು ನಾನೇ ಒಂದು ಕಾಯಿದೆ ಮಾಡಿಕೊಂಡೆ. ವಿಜ್ಞಾನ ಕಲಿಸುವ ಮಾಸ್ತರ! ಆದರೆ ಸೆಲ್ಲು ನನ್ನ ಕಾಯಿದೆ ಕೇಳಬೇಕಲ್ಲ. ಗಡಿಯಾರ ಹಿಂದೆ ಬೀಳತೊಡಗಿತು, ಅದರ ಹಿಂದೆ ನಾನೂ ಬಿದ್ದೆ. ದಿನಾ ಶಾಲೆಗೆ ತಡ. ಹೆಡ್ಮಾಸ್ತರರು ಒಳ್ಳೆಯವರು, ದುಃಖದಲ್ಲಿದ್ದವನಿಗೆ ಬಯ್ಯಲಾರದೆ, "ನಿಮ್ಮ ಮನ್ಯಾಗ ಎಷ್ಟಾಗ್ಯಾದ್ರಿ ಮಾಸ್ತರ? ನಮ್ಮ ಕಡಿ ಪ್ರಾರ್ಥನಾ ಮುಗದದ" ಎಂದಷ್ಟೇ ಅಂದರು. ಹೊಸ ಸೆಲ್ಲು ಹಾಕಿದರೆ ಮುಗಿಯುವ ಮಾತು. ನಾನು ಹಾಕಲಿಲ್ಲ. ಬೊಟ್ಟಿಲ್ಲದೆಯೇ ಅದನ್ನು ನಾಲ್ಕನೆಯ ಬಿಸಿಲಿಗೆ, ಐದನೆಯದಕ್ಕೆ ಕದ್ದು ಇಡತೊಡಗಿದೆ.

ಜೂನು ಬಂತು. ಮಾಳಿಗೆಯ ಮೇಲೆ ಮೋಡ. ಬಿಸಿಲು ಬಿದ್ದಲ್ಲಿ ಇಡೋಣವೆಂದು ಸೆಲ್ಲನ್ನು ಜೇಬಿನಲ್ಲಿಟ್ಟುಕೊಂಡೇ ಶಾಲೆಗೆ ಹೋಗುತ್ತಿದ್ದೆ. ಒಂದು ದಿನ ಕಟ್ಟೆಯ ಮೇಲೆ ಬಿಸಿಲು ಕಂಡಿತು, ಇಟ್ಟು ಕ್ಲಾಸಿಗೆ ಹೋದೆ. ಮಗ್ಗಿ ಹೇಳಿಸಿ ಹೊರಗೆ ಬಂದರೆ ಕಟ್ಟೆ ಖಾಲಿ. ಹೆಡ್ಮಾಸ್ತರರು ಧೋತರ ಮೇಲೆ ಕಟ್ಟಿಕೊಂಡು, ಕೈಯೆಲ್ಲ ಕಪ್ಪು ಮಾಡಿಕೊಂಡು, ಕಲ್ಲಿನಿಂದ ಸೆಲ್ಲು ಜಜ್ಜುತ್ತ ಕುಳಿತಿದ್ದಾರೆ!

"ಬೊಟ್ಟು ನೋಡಿ ಗುರ್ತ ಹಿಡದೆ, ನಿಮ್ಮ ಮನೀದೂ ಒಂದು ಬಂತಲ್ರಿ, ಭಾಳ ಛಲೋ ಆತು" ಎಂದರು ಪ್ರೀತಿಯಿಂದ. "ಪ್ರತಿ ವರ್ಷ ನೀಲಮ್ಮಕ್ಕ ಕಳಸ್ತಿದ್ಲು. ಈ ವರ್ಷ ಬರಂಗಿಲ್ಲ ಅಂದ್ಕೊಂಡಿದ್ದೆ."

ನನ್ನ ಮುಖ ನೋಡಿ ಅವರ ಕೈಯ ಕಲ್ಲು ನಿಂತಿತು. "ಯಾಕ್ರಿ, ತಪ್ಪಾತೇನ್ರಿ?" ಎಂದರು. "ಅದು ಆಕಿ ಇಟ್ಟ ಕಡೀ ಸೆಲ್ರಿ" ಎಂದೆ. ಅವರ ಮುಖ ಕೈಗಿಂತ ಕಪ್ಪಾಯಿತು. ತಗಡು ತೂಗಲು ಬಂದಿದ್ದ ಖಾಜಾಸಾಬ ಇದನ್ನೆಲ್ಲ ಕೇಳಿಸಿಕೊಂಡ. ತುಂಬಿದ ಚೀಲವನ್ನು ಪಡಸಾಲೆಯಲ್ಲಿ ಸುರುವಿದ. ಮೂವರೂ ಕುಳಿತು, ಒಂದೊಂದೇ ತಗಡಿನ ತಳ ತಿರುವಿ ನೋಡಿದೆವು. ಕೊನೆಗೆ ಸಿಕ್ಕಿತು. ಚಪ್ಪಟೆಯಾಗಿತ್ತು, ತಳದಲ್ಲಿ ಸುಣ್ಣದ ಮೂರು ಬೊಟ್ಟು ಹಾಗೇ ಇದ್ದವು.

"ಇಟ್ಕೋರಿ ಮಾಸ್ತರ್ ಸಾಬ್" ಎಂದ ಖಾಜಾಸಾಬ. "ಖರೇ ಹೇಳ್ಬೇಕಂದ್ರ ಈ ಜಸ್ತ ಸೋಲಾಪುರಕ್ಕ ಹೋಗ್ತದ, ಅಲ್ಲಿಂದ ಬಂಬೈಗೆ. ಕರಗಸ್ತಾರ. ಮತ್ತ ಯಾವದರೆ ಹೊಸ ಸೆಲ್ಲಿನ ಹೊಟ್ಟೀಗಿ ಬರ್ತದ. ಆದ್ರ ಇದೊಂದು ನಿಮ್ಮ ಕಡೀನೇ ಇರ್ಲಿ, ಫಿಕರ್ ಮಾಡಬ್ಯಾಡ್ರಿ."

ಸೋಲಾಪುರದ ಆಚೆ ಹೆಜ್ಜೆ ಇಡದವನ ಬಂಬೈ ವರ್ತಮಾನ ಎಷ್ಟು ನಿಜವೋ ನಾನರಿಯೆ. ತಗಡನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಮನೆಗೆ ಒಯ್ದರೆ ಗೂಡಿನಲ್ಲಿಟ್ಟು ಪೂಜೆ ಮಾಡಬಹುದಿತ್ತು. ಆದರೆ ಬ್ಯಾಟರಿ ಬೆಳಗಿಸಿ, ರೇಡಿಯೋ ಹಾಡಿಸಿ, ಗಡಿಯಾರ ನಡೆಸಿ, ಬೋರ್ಡಿಗೆ ಕಪ್ಪಾದದ್ದನ್ನು ನಾನೊಬ್ಬ ಮುಂದೆ ಹೋಗದಂತೆ ತಡೆದರೆ ನೀಲಮ್ಮ ಸುಮ್ಮನಿರುವವಳೇ? ನಾನೇ ಅದನ್ನು ಖಾಜಾಸಾಬನ ಚೀಲದೊಳಗೆ ಬಿಟ್ಟೆ. ಸಣ್ಣಗೆ ಸಪ್ಪಳವಾಯಿತು. ಮರುದಿನ ಹೊಸದಾಗಿ ಕಪ್ಪು ಬಳಿದ ಬೋರ್ಡಿನ ಮೇಲೆ ಮೊದಲ ಅಕ್ಷರ ನಾನೇ ಬರೆದೆ. ಸಂಜೆ ಅದನ್ನು ಒರೆಸಲು ನನಗೆ ಮನಸ್ಸಾಗಲಿಲ್ಲ, ಆ ಕೆಲಸ ಹೆಡ್ಮಾಸ್ತರರೇ ಮಾಡಿದರು.

ಗಡಿಯಾರಕ್ಕೆ ಹೊಸ ಸೆಲ್ಲು ಬಂತು. ವೇಳೆಗೆ ಸರಿಯಾಗಿ ಶಾಲೆಗೆ ಹೋದೆ, ವೇಳೆಗೆ ಸರಿಯಾಗಿ ನಿವೃತ್ತನೂ ಆದೆ. ಈಗ ಮೊಣಕಾಲು ನೋವು, ಕಣ್ಣು ಮಂಜು. ಮುಂಜಾನೆ ಹೇಗೋ ಮಾಳಿಗೆ ಹತ್ತಿ ಕೂಡುತ್ತೇನೆ. "ಮಾಸ್ತರ್ರ, ಬಿಸಲು ಏರ್ಯಾದ, ಇಳೀರಿ ಇನ್ನ" ಎಂದು ಪಕ್ಕದ ಮಾಳಿಗೆಯಿಂದ ಗುರುಬಾಯಿ ಕೂಗುತ್ತಾಳೆ. "ಇನ್ನೊಂದೀಟು ಕಾಯ್ತೇನ್ ತಾಯಿ" ಅನ್ನುತ್ತೇನೆ. ಆಮೇಲೆ ಅವಳು ಅತ್ತ ತಿರುಗಿದ್ದು ನೋಡಿಕೊಂಡು, ಹಣೆ ಮುಟ್ಟಿಕೊಳ್ಳುತ್ತೇನೆ. ಮೊದಲನೆಯ ಬೊಟ್ಟು ನೀಲಮ್ಮ ಇಟ್ಟದ್ದು. ಆಮೇಲೆ ಎಷ್ಟು ಬಿಸಿಲು ಕದ್ದೆನೋ, ಬೊಟ್ಟು ಇಡುವವರೇ ಇಲ್ಲ.