ಆಳಂದದ ಹುಡುಗಿಯರೂ ನೆಲಕ್ಕೆ ಬೀಳುವ ಚೆಂಡೂ

ವಾಲಿಬಾಲ್ ಕಲಿಸುವವರು ನಗೆಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಸಂಜೆ ನೆಟ್ ಕಟ್ಟಿ ಒಂದು ಪಕ್ಕಕ್ಕೆ ನಿಂತರೆ ಸಾಕು, ಅದೇ ನಡೆದುಕೊಂಡು ಬರುತ್ತದೆ. ಆಳಂದದ ಒಂದು ಮಹಿಳಾ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣದ ಅಧ್ಯಾಪಕಿ. ಊರಿಗೆಲ್ಲ ಪೀಟಿ ಮೇಡಂ. ಹೋದ ವರ್ಷ ನಮ್ಮ ತಂಡ ಎಷ್ಟು ಚೆನ್ನಾಗಿ ಸೋತಿತ್ತೆಂದರೆ, ಗೆದ್ದವರೇ ಪಾಪ ಅಂದುಕೊಂಡು ನಮಗೆ ಚಹಾ ಕುಡಿಸಿ ಬಸ್ ಹತ್ತಿಸಿದ್ದರು. ಹೊಸ ಸೀಸನ್ ಹತ್ತಿರ ಬಂದಾಗ ಪ್ರಿನ್ಸಿಪಾಲರು ನನ್ನನ್ನು ಕರೆದರು.

"ಮೇಡಂ, ಈ ಸಲ ಒಂದ್ ಮ್ಯಾಚರೆ ಗೆದ್ದು ತೋರಸ್ರಿ. ಇಲ್ಲಾಂದ್ರ ಆ ಕೋರ್ಟಿನ ಜಾಗಾದಾಗ ಗಾಡಿ ನಿಲ್ಲಸಾಕ ಶೆಡ್ ಹಾಕಸ್ತೇನಿ."

ಅವರು ಆಗಷ್ಟೇ ಹೊಸ ಕಾರು ತಂದಿದ್ದರು. ಬೇವಿನ ಮರದ ಕಾಗೆಗಳಿಗೂ ಆ ಕಾರಿಗೂ ಅಷ್ಟೊತ್ತಿಗಾಗಲೇ ಪರಿಚಯವಾಗಿತ್ತು. ಆದ್ದರಿಂದ ಇದು ಬಾಯಿಮಾತಿನ ಬೆದರಿಕೆ ಅಲ್ಲ ಎಂದು ನನಗೆ ಗೊತ್ತಾಯಿತು.

ಮೂರು ಗಂಟೆಯ ಕ್ರೀಡಾಪ್ರೇಮ

"ವಾಲಿಬಾಲ್ ಆಡುವ ಆಸಕ್ತಿ ಇದ್ದವರು ಮಧ್ಯಾಹ್ನ ಮೂರು ಗಂಟೆಗೆ ಮೈದಾನಕ್ಕೆ ಬರಬೇಕು" ಎಂದು ಬೋರ್ಡಿನ ಮೇಲೆ ಬರೆಸಿದೆ. ಮೂರಕ್ಕೆ ಹೋಗಿ ನೋಡುತ್ತೇನೆ, ಎರಡನೇ ವರ್ಷದ ಇಡೀ ಕ್ಲಾಸು ಬಿಸಿಲಲ್ಲಿ ನಿಂತಿದೆ! ನನ್ನ ಕಣ್ಣಲ್ಲಿ ನೀರೇ ಬಂತು. ಪ್ರಿನ್ಸಿಪಾಲರು ಕಿಟಕಿಯಿಂದ ಇಣುಕಿ ಬೆರಗಾದರು.

"ನಿಮಗ ಇಷ್ಟು ವಾಲಿಬಾಲ್ ಹುಚ್ಚು ಅದ ಅಂತ ನನಗ ಗೊತ್ತೇ ಇರಲಿಲ್ಲ ನೋಡ್ರೆ" ಅಂದೆ.

"ನಮಗೂ ಗೊತ್ತಿರಲಿಲ್ಲರಿ ಮೇಡಂ," ಅಂದಳು ಮುಂದೆ ನಿಂತವಳು, "ಮೂರಕ್ಕ ಅರ್ಥಶಾಸ್ತ್ರದ ಪಿರಿಯಡ್ ಅದ ಅಂತ ಟೈಮ್ ಟೇಬಲ್ ನೋಡಿದ ಮ್ಯಾಲ ಗೊತ್ತಾತು."

ನಾನೂ ಬಿಡಲಿಲ್ಲ. "ಭಾಳ ಚಲೋ ಆತು. ನಾಳಿಂದ ಪ್ರಾಕ್ಟೀಸ್ ಮುಂಜಾನಿ ಆರಕ್ಕ" ಅಂದೆ. ಕಾಳಿನ ಮೇಲೆ ಕುಳಿತ ಗುಬ್ಬಿಗಳಿಗೆ ಕಲ್ಲು ಬಿಟ್ಟ ಹಾಗಾಯಿತು. ಬುರ್ರ್ ಎಂದು ಎಲ್ಲರೂ ಹಾರಿ, ಮೈದಾನದಲ್ಲಿ ನಾಲ್ವರು ಉಳಿದರು. ಅವರಲ್ಲಿ ಮೂವರು ನಿಂಬರ್ಗಾದಿಂದ ಬರುವವರು. ಊರ ಕಡೆಯ ಬಸ್ಸು ಹೇಗೂ ಅವರನ್ನು ಕೋಳಿ ಕೂಗುವ ಹೊತ್ತಿಗೇ ತಂದು ಇಳಿಸುತ್ತದೆ, ಕಾಲೇಜಿನ ಬೀಗ ತೆಗೆಯುವ ತನಕ ಹಲ್ಲು ಕಡಿಯುತ್ತ ಕೂರುವ ಬದಲು ಆಡಬಹುದಲ್ಲ ಎಂದು ನಿಂತಿದ್ದರು. ನಾಲ್ಕನೆಯವಳ ಶ್ರದ್ಧೆಗೆ ನಾನು ಮನಸಾರೆ ಮೆಚ್ಚಿ, ಬೆನ್ನು ತಟ್ಟಿದೆ.

ಆಕೆ ಬೆಚ್ಚಿಬಿದ್ದು ಕಿವಿಯಿಂದ ಇಯರ್‌ಫೋನ್ ತೆಗೆದು, "ಎಲ್ಲಾರೂ ಎತ್ತ ಹೋದ್ರು ಮೇಡಂ?" ಅಂದಳು.

ಹೆಸರುಕಾಳಿನ ಅಜ್ಜಿ

ಉಳಿದವರನ್ನು ಬೇಡಿ, ಬೆದರಿಸಿ, ಹಾಜರಾತಿಯ ಆಸೆ ತೋರಿಸಿ ತಂಡವೊಂದನ್ನು ಕೂಡಿಸಿದೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕೋರ್ಟೇ ಇಲ್ಲ! ಅರ್ಧ ಕೋರ್ಟಿನ ತುಂಬ ಹಸಿ ಹೆಸರುಕಾಳು ಹರವಿದೆ. ನೆಟ್ಟಿನ ಕಂಬಕ್ಕೆ ಬೆನ್ನು ಆನಿಸಿ, ಕೈಯಲ್ಲಿ ಕೋಲು ಹಿಡಿದು ಪಕ್ಕದ ಮನೆಯ ಅಜ್ಜಿ ಕೂತಿದ್ದಾಳೆ.

"ಯಮ್ಮಾ, ಇದು ಆಟದ ಜಾಗಾ" ಅಂದೆ.

"ಹೌದವ್ವಾ, ಆಡ್ರಿ. ನಾ ಎಲ್ಲಿ ಬ್ಯಾಡ ಅಂದೇನಿ? ಅರ್ಧಾ ನಿಮಗ ಬಿಟ್ಟೇನಲ್ಲ."

"ಅರ್ಧ ಕೋರ್ಟಿನಾಗ ಹೆಂಗ ಆಡೋದು?"

"ಹೆಂಗಿದ್ರೂ ಚೆಂಡು ನೆಲಕ್ಕ ಬೀಳಬಾರದು ಅಂತ ಹೋದ ವರ್ಷ ನೀವೇ ಒದರಾಕತ್ತಿದ್ರಿ. ಬೀಳದಿದ್ದಮ್ಯಾಲ ನೆಲದಾಗ ಹೆಸರ ಇದ್ರೇನು, ಹೊನ್ನ ಇದ್ರೇನು?"

ನಾನು ನೆಟ್ ಕಟ್ಟಿಸಿದೆ. ಒಂದು ಗುಂಪು ಹೆಸರಿನ ಅಂಚಿನಲ್ಲಿ ನಿಂತು ಆಡಲು ಶುರು ಮಾಡಿತು. ಚೆಂಡು ಕಾಳಿನ ಮೇಲೆ ಬಿದ್ದರೆ ಅಜ್ಜಿ ಆ ಹುಡುಗಿಯನ್ನಷ್ಟೇ ಅಲ್ಲ, ಅವಳ ಅವ್ವ, ಅವ್ವನ ಅವ್ವ, ತವರುಮನೆ, ಅಲ್ಲಿಯ ಎಮ್ಮೆ ಎಲ್ಲವನ್ನೂ ಸೇರಿಸಿ ಬಯ್ಯುತ್ತಿದ್ದಳು. ಹುಡುಗಿಯರು ಮೊಣಕಾಲು ತರಚಿದರೂ ಸರಿಯೇ ಎಂದು ಚೆಂಡಿನ ಕೆಳಗೆ ಧುಮುಕಲು ಕಲಿತರು. ನಾನು ವರ್ಷಗಟ್ಟಲೆ ಪೀಪಿ ಊದಿ ಕಲಿಸಲಾಗದ್ದು ಹೆಸರು ಒಣಗುವುದರೊಳಗೆ ಬಂದುಬಿಟ್ಟಿತು.

ಕಾಳು ಒಣಗಿ, ಅಜ್ಜಿ ಚೀಲ ತುಂಬಿಕೊಂಡು ಹೊರಟಾಗ ನಾನೇ ಓಡಿಹೋಗಿ ಕೇಳಿದೆ: "ಯಮ್ಮಾ, ಮುಂದ ಉದ್ದು ಯಾವಾಗ ಹರವ್ತಿ?"

ನಂದು!

ನಮ್ಮ ಕಡೆಯ ಹುಡುಗಿಯರ ದೊಡ್ಡ ರೋಗ ಮರ್ಯಾದೆ. ಚೆಂಡು ಇಬ್ಬರ ನಡುವೆ ಬಂದರೆ, "ಅಕ್ಕಾ ನೀವು ಹೊಡೀರಿ", "ಇಲ್ಲರಿ, ನೀವೇ ಹೊಡೀರಿ" ಎಂದು ಒಬ್ಬರಿಗೊಬ್ಬರು ದಾರಿ ಬಿಡುತ್ತಾರೆ. ಚೆಂಡು ಇವರ ಉಪಚಾರ ಮುಗಿಯುವ ತನಕ ಕಾಯುವುದಿಲ್ಲ.

"ಮರ್ಯಾದಿ ಮನ್ಯಾಗ ಇಟ್ಟು ಬರ್ರಿ! ಚೆಂಡು ಕಂಡ ಕೂಡಲೇ 'ನಂದು' ಅಂತ ಗಂಟಲ ಹರಕೊಂಡು ಒದರಬೇಕು. ಒದರಿದಾಕಿ ಹೋಗಬೇಕು, ಉಳಿದವ್ರು ಸರೀಬೇಕು" ಎಂದು ನಿಯಮ ಮಾಡಿದೆ. ವಾರವಿಡೀ ಅದನ್ನೇ ಕೂಗಿಸಿದೆ. ಕಾಲೇಜಿನ ಎದುರು ಹಣ್ಣು ಮಾರುವವನು, "ಏನ್ ಆಸ್ತಿ ಪಾಲು ನಡದದೇನ್ರಿ ಒಳಗ?" ಎಂದು ವಾಚ್‌ಮನ್ನನ್ನು ಕೇಳಿದನಂತೆ.

ಅದೇ ವಾರ ಅಭ್ಯಾಸ ಪಂದ್ಯಕ್ಕೆಂದು ಅಫಜಲಪುರಕ್ಕೆ ಹೊರಟೆವು. ಬಸ್ಸಿನಲ್ಲಿ ಉಸಿರಾಡಲೂ ಜಾಗವಿಲ್ಲ. ದಾರಿಯಲ್ಲಿ ಒಂದು ಊರು ಬಂದು, ಕಿಟಕಿ ಪಕ್ಕದ ಹಿರಿಯರೊಬ್ಬರು ಇಳಿಯಲು ಏಳುವುದೇ ತಡ, ಹಿಂದೆ ನಿಂತಿದ್ದ ನಮ್ಮ ಎತ್ತರದ ಹುಡುಗಿ ಎರಡೂ ತೋಳು ಮುಂದೆ ಚಾಚಿ, "ನಂದೂ!" ಎಂದು ಕಿರುಚುತ್ತ ಹಾರಿದಳು. ಜನ ಎರಡು ಭಾಗವಾಗಿ ಸರಿದರು. ಒಬ್ಬಾಕೆ ತನ್ನ ಕೂಸನ್ನು ಎದೆಗೆ ಅವಚಿಕೊಂಡಳು. ಏಳಬೇಕಾದ ಹಿರಿಯರು ಹೆದರಿ ಮತ್ತೆ ಕೂತುಬಿಟ್ಟರು.

ಕಂಡಕ್ಟರ್ ಜನರ ನಡುವಿನಿಂದ ತೂರಿ ನನ್ನ ಹತ್ತಿರ ಬಂದು, "ಇವರಿಗೆ ಏನ್ ಕಲಸೀರಿ ಮೇಡಂ?" ಅಂದ.

"ವಾಲಿಬಾಲ್ರಿ."

"ವಾಲಿಬಾಲೇನು? ನಾ ದರೋಡಿ ಅನಕೊಂಡಿದ್ದೆ."

ಆರೂ ಒಂಬತ್ತೂ

ನಮ್ಮ ತಂಡದ ಹೊಸ ಜರ್ಸಿ ಹೊಲಿದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಟೇಲರ್ ಕಾಕಾ. ಅವರು ಜೀವಮಾನವಿಡೀ ರವಿಕೆ ಮತ್ತು ಚೂಡಿದಾರ ಬಿಟ್ಟು ಬೇರೇನೂ ಹೊಲಿದವರಲ್ಲ. "ಫಿಕರ್ ಮಾಡಬ್ಯಾಡ್ರಿ ಮೇಡಂ, ಮಸ್ತ್ ಮಾಡಿ ಕೊಡ್ತೇನಿ" ಅಂದರು. ಮಸ್ತಾಗಿಯೇ ಮಾಡಿದ್ದರು. ತೋಳಿಗೆ ಝರಿಯ ಅಂಚು ಬಂದಿತ್ತು. ಬೆನ್ನಿಗೆ ದಾರ, ದಾರದ ತುದಿಗೆ ಜೋತಾಡುವ ಗೊಂಡೆ. ನಮ್ಮ ತಂಡ ಸಾಲಾಗಿ ನಿಂತರೆ ಮದುವೆಗೆ ಹೊರಟ ಹೆಣ್ಣಿನ ಕಡೆಯವರಂತೆ ಕಾಣುತ್ತಿತ್ತು.

ಗೊಂಡೆ ಕತ್ತರಿಸಿಕೊಂಡೆವು. ಆದರೆ ಇನ್ನೊಂದು ತೊಡಕಿತ್ತು. ಒಂಬತ್ತು ಇರಲೇ ಇಲ್ಲ, ಎರಡು ಜರ್ಸಿಗಳ ಮೇಲೂ ಆರೇ ಇತ್ತು. ಅಂಗಡಿಗೆ ಹೋಗಿ ತೋರಿಸಿದೆ.

"ಕಾಕಾ, ಒಂಬತ್ತು ಎಲ್ಲಿ? ಎರಡೂ ಆರೇ ಅದಾವ."

ಅವರು ಜರ್ಸಿ ಹಿಡಿದು, ಕನ್ನಡಕ ಏರಿಸಿ, ಇಳಿಸಿ, ತಲೆಕೆಳಗು ಮಾಡಿ ನನಗೆ ತೋರಿಸಿದರು. "ಇಲ್ಲೇ ಅದಲ್ರಿ ಒಂಬತ್ತು! ಬರಾಬರ್ ಅದ."

"ತೊಟ್ಟಕೊಂಡ ಮ್ಯಾಲ ಆರು ಕಾಣ್ತದಲ್ರಿ!"

ಕಾಕಾ ಒಂದು ಕ್ಷಣವೂ ತಡಮಾಡಲಿಲ್ಲ. "ಆ ಹುಡುಗಿಗೆ ಆಗಾಗ ಲಾಗಾ ಹೊಡಿ ಅಂತ ಹೇಳ್ರಿ ಮೇಡಂ."

ಉಂಡು ಆಡಿದ ಪಂದ್ಯ

ಅಫಜಲಪುರದ ಅಭ್ಯಾಸ ಪಂದ್ಯದ ಕತೆ ಹೇಳಲೇಬೇಕು. ಮೈದಾನಕ್ಕೆ ಕಾಲಿಡುತ್ತಿದ್ದ ಹಾಗೆಯೇ ಅಲ್ಲಿನ ಪೀಟಿ ಸರ್ ಕೈಮುಗಿದು, "ದೂರದಿಂದ ಬಂದೀರಿ, ಉಂಡೇ ಆಡ್ರಿ" ಅಂದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸಾಲದು ಎಂದು, ಅವರ ತಂಡದ ಅತನೂರಿನ ಹುಡುಗಿಯೊಬ್ಬಳ ಮನೆಯಿಂದ ಹೋಳಿಗೆ, ಕೈ ಅದ್ದಿದರೆ ಮುಳುಗುವಷ್ಟು ತುಪ್ಪ. ನಮ್ಮ ಹುಡುಗಿಯರು ಅತಿಥಿಧರ್ಮವನ್ನು ಚೆನ್ನಾಗಿಯೇ ಪಾಲಿಸಿದರು. ಅವರ ಹುಡುಗಿಯರು ಮಾತ್ರ ತಲೆಗೊಂದು ಬಾಳೆಹಣ್ಣು ತಿಂದು ಬಡಿಸುತ್ತ ಓಡಾಡುತ್ತಿದ್ದರು. ಆಗ ನನಗೆ ಅದು ವಿನಯ ಎಂದೇ ಅನ್ನಿಸಿತ್ತು. ಪಂದ್ಯ ಶುರುವಾದ ಮೇಲೆ ತಿಳಿಯಿತು. ನಮ್ಮವರಿಗೆ ಬಗ್ಗಿದರೆ ಏಳಲು ಬರುವುದಿಲ್ಲ, ಎದ್ದರೆ ಬಗ್ಗಲು ಬರುವುದಿಲ್ಲ. ಅವರು ನಮ್ಮನ್ನು ತೊಳೆದು ಕಳಿಸಿದರು.

ಅವರು ಆಳಂದಕ್ಕೆ ಬರುವ ಸರದಿ ಬಂತು. "ಈ ಸಲ ನಾವೂ ಹೋಳಿಗಿ ಉಣಿಸೋಣ, ನೀವು ಯಾರೂ ಮುಟ್ಟಬ್ಯಾಡ್ರಿ" ಎಂದು ಗುಟ್ಟಾಗಿ ಹೇಳಿಟ್ಟಿದ್ದೆ. ಆದರೆ ಅಫಜಲಪುರದವರು ನಮಗಿಂತ ಘಾಟಿಗಳು. "ನೀ ಒಂದು ತಿಂದ್ರ ನಾ ಒಂದು ತಿಂತೇನಿ ಬೇ" ಎಂದು ಹಟ ಹಿಡಿದು ಕೂತರು. ನಮ್ಮವರಿಗೆ ಮೋಸ ಮಾಡುವಷ್ಟು ಮನಸ್ಸಿರಲಿಲ್ಲ, ಹೊಟ್ಟೆ ಮಾತ್ರ ಇತ್ತು. ಅವರೊಂದು, ಇವರೊಂದು ಎಂದು ಬುಟ್ಟಿ ಬರಿದಾಯಿತು. ಆಮೇಲೆ ನಡೆದ ಪಂದ್ಯದಲ್ಲಿ ಎರಡೂ ಕಡೆ ಯಾರೊಬ್ಬರ ಕಾಲೂ ನೆಲ ಬಿಡಲಿಲ್ಲ. ಚೆಂಡು ಬಂದರೆ ಎಲ್ಲರೂ ಪ್ರೀತಿಯಿಂದ ನೋಡಿ ಕಳಿಸಿಕೊಡುತ್ತಿದ್ದರು.

ಎತ್ತರದ ಕುರ್ಚಿಯ ಮೇಲೆ ಕೂತಿದ್ದ ಅಂಪೈರ್ ಸರ್ ಕೂಡ ಅದೇ ಪಂಕ್ತಿಯಲ್ಲಿ ಉಂಡಿದ್ದರು. ಚೆಂಡೊಂದು ಗೆರೆಯ ಮೇಲೆ ಬಿದ್ದು ಇನ್ ಅಂತ ನಾವು, ಔಟ್ ಅಂತ ಅವರು ಜಗಳಕ್ಕೆ ನಿಂತೆವು. "ಸರ್, ನೀವೇ ಹೇಳ್ರಿ" ಎಂದು ನಾನು ಕುರ್ಚಿ ಅಲ್ಲಾಡಿಸಿದೆ.

ಅವರು ಕಣ್ಣು ಮುಚ್ಚಿಕೊಂಡೇ ಎರಡೂ ಕೈ ಅಡ್ಡ ಹಿಡಿದು, "ಬ್ಯಾಡ್ರಿ, ಸಾಕು... ಹೊಟ್ಟಿ ತುಂಬ್ಯಾದ" ಅಂದರು.

ಜೇವರ್ಗಿಯಲ್ಲಿ ಹೆಣ್ಣು ನೋಡಿದ್ದು

ಸೀಸನ್ನಿನ ಮೊದಲ ಪಂದ್ಯ ಜೇವರ್ಗಿಯಲ್ಲಿ, ಸೋತವರು ಅಲ್ಲಿಗೇ ಹೊರಗೆ. ಕೋರ್ಟು ಉಳಿಯಬೇಕೋ ಶೆಡ್ ಏಳಬೇಕೋ ಎಂಬುದು ಅವತ್ತೇ ತೀರ್ಮಾನವಾಗುವಂತಿತ್ತು. ನಮ್ಮ ಕ್ಯಾಪ್ಟನ್ ಗೊಬ್ಬೂರಿನ ರೈತರೊಬ್ಬರ ಮಗಳು, ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮಗಳು ಆಡುತ್ತಾಳೆ ಎಂಬುದು ಅಪ್ಪನಿಗೆ ಗೊತ್ತು, ಹೇಗೆ ಆಡುತ್ತಾಳೆ ಎಂಬುದು ಗೊತ್ತಿರಲಿಲ್ಲ. ಅವಳಿಗೆ ಬಂದ ಸಂಬಂಧ ಜೇವರ್ಗಿಯದೇ ಆದ್ದರಿಂದ, ಬೀಗರಾಗುವವರನ್ನು ನೇರ ಮೈದಾನಕ್ಕೇ ಕರೆತಂದು ದೂರದಿಂದ ಹುಡುಗಿ ತೋರಿಸಿಬಿಡೋಣ ಎಂದು ಅಪ್ಪ ಲೆಕ್ಕ ಹಾಕಿದ್ದರು. ಮಗಳಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ.

ಆಟ ಕೊನೆಯ ಸೆಟ್ಟಿಗೆ ಬಂದಿತ್ತು. ಗೆರೆಯ ಹೊರಗೆ ನಾನು ಉಗುರು ಕಚ್ಚುತ್ತ ನಿಂತಿದ್ದೆ. ನನ್ನ ಪಕ್ಕದಲ್ಲೇ ಬಂದು ನಿಂತವರು ಕ್ಯಾಪ್ಟನ್ನಿನ ಅಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹುಡುಗ, ಅವನ ಅವ್ವ. ಆಕೆ ಗಟ್ಟಿ ಹೆಂಗಸು.

"ಇದರಾಗ ನಿಮ್ಮ ಮಗಳು ಯಾವಾಕಿರಿ ಅಣ್ಣಾರ?"

ಸರಿಯಾಗಿ ಅದೇ ಹೊತ್ತಿಗೆ ಕ್ಯಾಪ್ಟನ್, ಮೈಯೆಲ್ಲ ಕರಿಮಣ್ಣು ಮೆತ್ತಿಕೊಂಡು, ಚೆಂಡು ಬಿಟ್ಟ ಗೆಳತಿಯ ಮೇಲೆ ಹರಿಹಾಯುತ್ತಿದ್ದಳು. "ಕಾಲು ನೆಲಕ್ಕ ಬೇರು ಬಿಟ್ಟಾವೇನು ಬೇ? ಓಡು!"

ಅಪ್ಪ ಬೆವೆತರು. ಅವರ ಕೈ ತಾನಾಗಿಯೇ ಬೆಂಚಿನ ಕಡೆ ತಿರುಗಿತು. ಅಲ್ಲಿ ನಮ್ಮ ಹೆಚ್ಚುವರಿ ಆಟಗಾರ್ತಿ ತಲೆ ತಗ್ಗಿಸಿ, ಮೆಲ್ಲಗೆ ಕಾಲಿನ ಮುಳ್ಳು ತೆಗೆಯುತ್ತ ಕೂತಿದ್ದಳು.

"ಅಕಿ ನೋಡ್ರಿ. ಭಾಳ ಸುಮ್ನಿರೋ ಹುಡುಗಿ."

ಹುಡುಗನ ಅವ್ವ ನೋಡಿದರು, ಮುಖ ಸಣ್ಣದಾಯಿತು. "ಸುಮ್ನಿರೋರು ನಮ್ಮ ಮನ್ಯಾಗ ಆಗಲೇ ಇಬ್ಬರು ಅದಾರ್ರಿ. ಒಬ್ಬರು ಇವರಪ್ಪ, ಇನ್ನೊಬ್ಬ ಇವ. ನನಗ ಮಾತಾಡಾಕ ಗ್ವಾಡಿನೇ ಗತಿ. ಅಲ್ಲಿ ಒದರಾಕತ್ತಾಳಲ್ಲ, ಅಕಿ ಯಾರ ಮಗಳು ಕೇಳ್ರಿ."

ಅಪ್ಪ ಮೆಲ್ಲಗೆ, "ಅಕಿನೂ ನಂದೇರಿ" ಅಂದರು.

"ಇಬ್ಬರೂ ನಿಮ್ಮ ಮಕ್ಕಳೇನು?"

"ಇಲ್ಲರಿ... ಸುಮ್ನಿರಾಕಿ ಬ್ಯಾರೆ ಮಂದಿ ಮಗಳು."

ಇವರ ಮಾತು ಕೇಳುತ್ತ ನಾನು ಆಟವನ್ನೇ ಮರೆತಿದ್ದೆ. ಕ್ಯಾಪ್ಟನ್ ಜಿಗಿದು ಹೊಡೆದ ಚೆಂಡು ಎದುರಾಳಿಗಳ ನಡುವೆ ಸಿಡಿದು, ಹುಡುಗಿಯರು ಬಂದು ನನ್ನನ್ನು ಎತ್ತಿ ಕುಣಿಸಿದಾಗಲೇ ಗೆದ್ದದ್ದು ತಿಳಿಯಿತು. ಪ್ರಿನ್ಸಿಪಾಲರ ಕಾರಿಗೆ ಕಾಗೆಗಳೇ ಗತಿ.

ಕುಣಿತ ಮುಗಿದ ಮೇಲೆ ಅಪ್ಪ ಮಗಳನ್ನು ಕರೆದು ವಿಷಯ ಹೇಳಿದರು. ಅವಳ ಕಣ್ಣು ಕೆಂಪಾಯಿತು. "ಅಪ್ಪಾ, ಮ್ಯಾಚಿನ ದಿನ ಇದೇನು ಹಚ್ಚೀಯಪ್ಪಾ?"

"ಏನರೆ ಮಾತಾಡೋ" ಎಂದು ಅವ್ವ ಮಗನ ಪಕ್ಕೆಗೆ ತಿವಿದರು. ಹುಡುಗ ಗಂಟಲು ಸರಿಮಾಡಿಕೊಂಡು, "ನಾನೂ ಸಾಲ್ಯಾಗ ವಾಲಿಬಾಲ್ ಆಡೇನಿ" ಅಂದ. ಅದೇ ತಪ್ಪಾಯಿತು.

"ಹೌದೇನ್ರಿ? ಹಂಗಾರ ನಂದೊಂದು ಸರ್ವಿಸ್ ಎತ್ರಿ ನೋಡೋಣ."

ಜೇವರ್ಗಿಯ ಹುಡುಗಿಯರೂ ನಮ್ಮವರೂ ಸುತ್ತ ನೆರೆದರು. ಹುಡುಗ ಅಂಗಿಯ ತೋಳು ಮಡಚಿ ಕೋರ್ಟಿಗೆ ಇಳಿದ. ಮಗನಿಗೆ ಧೈರ್ಯವಿರಲಿ ಎಂದು ಅವ್ವ ಹಿಂದೆಯೇ ಹೋಗಿ ನಿಂತರು. ಕ್ಯಾಪ್ಟನ್ ಚೆಂಡು ಮೇಲೆಸೆದು ಬಾರಿಸಿದಳು. ಚೆಂಡು ನೆಟ್ ದಾಟಿ ಗುಂಯ್ಯೆಂದು ಬಂದದ್ದೇ ಹುಡುಗ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಚೆಂಡು ಅವನ ತಲೆಯ ಮೇಲಿಂದ ಅವ್ವನ ಮೇಲೆಯೇ ಬಂತು. ಆಕೆ ಸೆರಗು ಸಿಕ್ಕಿಸಿ, ಮೊಣಕಾಲು ಬಗ್ಗಿಸಿ, ಎರಡೂ ಕೈ ಜೋಡಿಸಿ ಒಂದು ಕೊಟ್ಟರು ನೋಡಿ! ಚೆಂಡು ನೆಟ್ ದಾಟಿ ವಾಪಸ್ ನಮ್ಮ ಕಡೆ ಬಂದು ಬಿತ್ತು.

ಮೈದಾನವೆಲ್ಲ ಚಪ್ಪಾಳೆ. ಅಪ್ಪ ಆಸೆಯಿಂದ ಮಗಳ ಮುಖ ನೋಡಿ, "ಏನಂತೀಯವ್ವಾ?" ಅಂದರು.

"ಹುಡುಗ ಬ್ಯಾಡಪ್ಪಾ" ಅಂದವಳು, ಸರ್ರನೆ ನನ್ನ ಕಡೆ ತಿರುಗಿದಳು. "ಮೇಡಂ, ಅತ್ತಿಯಾರನ್ನ ಮಾತ್ರ ಬಿಡಬ್ಯಾಡ್ರಿ, ಹೆಂಗರೆ ಮಾಡಿ ನಮ್ಮ ಕಾಲೇಜಿಗೆ ಅಡ್ಮಿಷನ್ ಮಾಡಸ್ರಿ!"